ಪ್ಲಾಸ್ಟಿಕ್ಕಿನಲ್ಲಿ ಕರೆಂಟು: ನಮ್ಮ ಬಿಸಿಲಿನ ಲೆಕ್ಕ

(ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ದಿನ ನಿರ್ದೇಶಕರ ಕೈಗೆ ಮೈಕು ಬಂದರೆ ಸಂಘ ಹುಟ್ಟಿದ ಕಥೆ, ಷೇರು ಬಂಡವಾಳ, ಸಾಲ ವಸೂಲಿ, ಗೋದಾಮು ಕಟ್ಟಿದ ಸಾಹಸ ಇವನ್ನೇ ಹೇಳುವುದು ವಾಡಿಕೆ. ಅವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿವೆ. ಆಡಳಿತ ಮಂಡಳಿ ನಮಗೆ ಒಪ್ಪಿಸಿದ ವಿಷಯ ಬೇರೆ, ಪ್ಲಾಸ್ಟಿಕ್ಕಿನ ಸೋಲಾರು. ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿ ಭತ್ತ, ಕಬ್ಬು, ಬಾಳೆ ಅಂತ ಗದ್ದೆಗೆ ಇಳಿದ ನಾವು ವಿಜ್ಞಾನ ಹೇಳುವುದೇ ಅಂತ ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣುತ್ತದೆ. ನಗಲಿ. ಆದರೆ ಇದರಲ್ಲಿ ನಿಮ್ಮ ದುಡ್ಡಿನ ಪ್ರಶ್ನೆ ಇದೆ, ಅದಕ್ಕೆ ಸ್ವಲ್ಪ ಸಮಾಧಾನದಿಂದ ಕೇಳಬೇಕು.

ಹೋದ ಬೇಸಿಗೆಯಲ್ಲಿ ಒಬ್ಬ ಏಜೆಂಟರು ನಮ್ಮ ಊರಿಗೆ ಬಂದು ಮನೆ ಮನೆ ತಿರುಗಿದ್ದು ನಿಮಗೆಲ್ಲ ಗೊತ್ತು. ಅವರ ಕೈಯಲ್ಲಿ ಒಂದು ಹಾಳೆ ಇತ್ತು. ಚಾಪೆಯ ಹಾಗೆ ಸುತ್ತಬಹುದು, ಬಿಸಿಲಿಗೆ ಹಿಡಿದರೆ ಸಣ್ಣ ಫ್ಯಾನು ತಿರುಗುತ್ತದೆ. "ಇದು ಆರ್ಗ್ಯಾನಿಕ್ ಸೋಲಾರ್. ಪೂರ್ತಿ ಸಾವಯವ, ಕೆಮಿಕಲ್ ಇಲ್ಲ, ಇಪ್ಪತ್ತೈದು ವರ್ಷ ಬಾಳಿಕೆ, ಈಗಲೇ ಮುಂಗಡ ಕಟ್ಟಿದರೆ ಅರ್ಧ ಬೆಲೆ" ಅಂದರು. ಮಾರನೇ ವಾರವೇ ಹತ್ತಾರು ಸದಸ್ಯರು ಸಂಘಕ್ಕೆ ಬಂದು ಮುಂಗಡಕ್ಕೆ ಸಾಲ ಕೊಡ್ರಿ ಅಂತ ಕೂತರು. ಕೊಡುವುದೋ ಬಿಡುವುದೋ ಅಂತ ಮಂಡಳಿಯಲ್ಲಿ ಎರಡು ಸಲ ಚರ್ಚೆ ಆಯಿತು. ಕಾಲೇಜಿಗೆ ಹೋಗುವ ನಮ್ಮ ಹುಡುಗರನ್ನು ಕೂರಿಸಿಕೊಂಡು ಓದಿಸಿದೆವು, ಕೇಳಿದೆವು, ಗೊತ್ತಿದ್ದವರಿಗೆ ಫೋನು ಹಚ್ಚಿದೆವು. ತಿಳಿದು ಬಂದದ್ದು ಇದು: ಆ ಹಾಳೆ ಮೋಸದ ವಸ್ತು ಅಲ್ಲ, ಅದರೊಳಗಿನ ವಿಜ್ಞಾನ ಸತ್ಯ. ಆದರೆ ಅದಕ್ಕೆ ಹಚ್ಚಿದ ಮಾತುಗಳಲ್ಲಿ ಬಹಳಷ್ಟು ಸುಳ್ಳು.

ಮೊದಲು 'ಆರ್ಗ್ಯಾನಿಕ್' ಅನ್ನುವ ಮಾತನ್ನೇ ತೆಗೆದುಕೊಳ್ಳೋಣ. ನಮಗೆ ಆರ್ಗ್ಯಾನಿಕ್ ಅಂದರೆ ಕೊಟ್ಟಿಗೆ ಗೊಬ್ಬರ, ಎರೆಹುಳು, ಜೀವಾಮೃತ. ರಸಾಯನಶಾಸ್ತ್ರದವರಿಗೆ ಆರ್ಗ್ಯಾನಿಕ್ ಅಂದರೆ ಇಂಗಾಲದಿಂದ ಕಟ್ಟಿದ ವಸ್ತು, ಅಷ್ಟೆ. ಆ ಲೆಕ್ಕಕ್ಕೆ ಸೀಮೆಎಣ್ಣೆಯೂ ಆರ್ಗ್ಯಾನಿಕ್ಕೇ, ನಮ್ಮ ಗೋದಾಮಿನಲ್ಲಿ ಪೇರಿಸಿರುವ ಯೂರಿಯಾ ಕೂಡ ಆರ್ಗ್ಯಾನಿಕ್ಕೇ! ಈ ಹಾಳೆ ತಯಾರಿಸುವಾಗ ಆ ಪ್ಲಾಸ್ಟಿಕ್ಕನ್ನು ಕರಗಿಸುವುದಕ್ಕೆ ಕ್ಲೋರೋಫಾರ್ಮ್, ಕ್ಲೋರೋಬೆಂಜೀನ್‌ನಂಥ ದ್ರಾವಕಗಳನ್ನು ಬಳಸುವುದೇ ಹೆಚ್ಚು. ಅವು ಮೂಗಿಗೂ ಮೈಗೂ ಒಳ್ಳೆಯವಲ್ಲ. ಅವುಗಳ ಬದಲಿಗೆ ಸೌಮ್ಯವಾದವನ್ನು ಹುಡುಕುವುದೇ ವಿಜ್ಞಾನಿಗಳಿಗೆ ಒಂದು ಕೆಲಸ ಆಗಿದೆ. ಹೀಗಿರುವಾಗ 'ಕೆಮಿಕಲ್ ಇಲ್ಲ' ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಹಾಗಾದರೆ ಜನ ಅಷ್ಟು ಬೇಗ ಯಾಕೆ ಮರುಳಾದರು? ಬಿಸಿಲು ನಮಗೆ ಬೇಕಾಗಿದೆ, ಅದಕ್ಕೆ. ತೋಟಕ್ಕೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಟಾರ್ಚು ಹಿಡಿದು ಮೋಟರು ಹಚ್ಚಲು ಹೋಗುವವರು ಯಾರು? ಮನೆಯ ಗಂಡುಮಕ್ಕಳು. ಹಾವು ಚೇಳು ಒಂದು ಕಡೆ, ಕರಡಿ ಇನ್ನೊಂದು ಕಡೆ. ದರೋಜಿ ಕರಡಿಧಾಮ 1994ರಲ್ಲಿ ಆಯಿತು. ಕರಡಿಗೆ ಗಡಿಕಲ್ಲು ಓದಲು ಬರುವುದಿಲ್ಲ, ಬಾಳೆ ಹಣ್ಣಾದ ವಾಸನೆ ಬಂದರೆ ಕಮಲಾಪುರದ ಕಡೆಯೂ ಇಳಿಯುತ್ತದೆ, ಕಂಪ್ಲಿಯ ಕಡೆಯೂ ಇಳಿಯುತ್ತದೆ. ಹಗಲು ಹೊತ್ತಿನಲ್ಲಿ ಮೋಟರು ನಡೆದರೆ ಸಾಕು ಅಂತ ನಮ್ಮ ತಾಯಂದಿರು ಎಷ್ಟು ಸಲ ದೇವರಿಗೆ ಬೇಡಿಕೊಂಡಿದ್ದಾರೋ!

ಎರಡನೆಯದು ಜಾಗ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2018ರಲ್ಲಿ ಶುರುವಾದ ಸೋಲಾರ್ ಪಾರ್ಕು ಸುಮಾರು 13,000 ಎಕರೆ, 2,050 ಮೆಗಾವಾಟ್. ಅಲ್ಲಿಯ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಅದು ಮಳೆ ಕೈಕೊಡುವ ಒಣ ಭೂಮಿ, ಅವರ ಲೆಕ್ಕ ಅವರಿಗೆ ಸರಿ. ನಮ್ಮದು ತುಂಗಭದ್ರೆಯ ನೀರು ಕುಡಿದ ಮಣ್ಣು. ಗಾಜಿನ ಪ್ಯಾನೆಲ್ ಹಾಸಿ ಭತ್ತದ ಗದ್ದೆ ಮುಚ್ಚುತ್ತೇವೆ ಅಂದರೆ ನಮ್ಮ ಹಿರಿಯರು ಎದ್ದು ಬಂದು ಬೈದಾರು. ಹೋಗಲಿ, ಗೋದಾಮಿನ ಮೇಲೆ ಹಾಕೋಣ ಅಂದರೆ ಅದು ತಗಡಿನ ಛಾವಣಿ. ಎರಡು ಚದರ ಮೀಟರಿನ ಒಂದು ಪ್ಯಾನೆಲ್ಲೇ ಇಪ್ಪತ್ತು ಕಿಲೋದ ಮೇಲೆ ತೂಗುತ್ತದೆ, ಅದರ ಮೇಲೆ ಕಬ್ಬಿಣದ ಚೌಕಟ್ಟು ಬೇರೆ. ನೋಡಲು ಬಂದ ಎಂಜಿನಿಯರು "ಈ ಕೈಮರ, ಈ ತಗಡು ತಡೆಯಲ್ಲ" ಅಂದುಬಿಟ್ಟರು. ಇಂಥ ಹೊತ್ತಿನಲ್ಲಿ ಚದರ ಮೀಟರಿಗೆ ಒಂದೆರಡು ಕಿಲೋ ತೂಗುವ, ಅಂಟಿಸಿಬಿಡಬಹುದಾದ ಹಾಳೆ ಅಂದರೆ ಯಾರಿಗೆ ಆಸೆ ಆಗಲಿಕ್ಕಿಲ್ಲ? ಆಸೆಯಲ್ಲಿ ತಪ್ಪಿಲ್ಲ.

ಈಗ ಆ ಹಾಳೆಯ ಒಳಗೆ ಏನು ನಡೆಯುತ್ತದೆ ನೋಡೋಣ. ಪಾಲಿಮರ್ ಅಂದರೆ ಉದ್ದನೆಯ ಸರಪಳಿ. ನಮ್ಮ ಗೊಬ್ಬರದ ಚೀಲ, ಡ್ರಿಪ್ ಪೈಪು, ಕೊಡ ಎಲ್ಲ ಪಾಲಿಮರ್ರೇ. ಇವು ಕರೆಂಟನ್ನು ಬಿಡುವುದಿಲ್ಲ, ತಂತಿಯ ಮೇಲೆ ಹೊದಿಸುವುದು ಅದಕ್ಕೇ. ಆದರೆ ಒಂದು ಜಾತಿಯ ಪಾಲಿಮರ್ ಇದೆ. ಅದರ ಸರಪಳಿಯಲ್ಲಿ ಇಂಗಾಲದ ಕೊಂಡಿಗಳು ಒಂದು ಬಿಟ್ಟು ಒಂದು ಜೋಡಿ ಕೊಂಡಿಯಾಗಿರುತ್ತವೆ. ಒಂಟಿ, ಜೋಡಿ, ಒಂಟಿ, ಜೋಡಿ. ಹೀಗೆ ಇದ್ದಾಗ ಕೆಲವು ಎಲೆಕ್ಟ್ರಾನುಗಳು ಒಂದೇ ಕಡೆ ಕಟ್ಟುಬಿದ್ದು ಕೂರದೆ ಸರಪಳಿಯ ಉದ್ದಕ್ಕೂ ಸಡಿಲವಾಗಿ ಹರಡಿಕೊಳ್ಳುತ್ತವೆ. ಇದೇ ಅರೆವಾಹಕ ಪ್ಲಾಸ್ಟಿಕ್ಕು.

ಇದು ಸಿಕ್ಕಿದ್ದು ತಮಾಷೆಯಾಗಿ. 1967ರಲ್ಲಿ ಜಪಾನಿನ ಶಿರಾಕಾವಾ ಅವರ ಪ್ರಯೋಗಾಲಯದಲ್ಲಿ ಒಂದು ತಯಾರಿಗೆ ಹಾಕಬೇಕಾದ ವೇಗವರ್ಧಕವನ್ನು ಸಾವಿರ ಪಟ್ಟು ಹೆಚ್ಚು ಸುರಿದುಬಿಟ್ಟರು. ಕಪ್ಪು ಪುಡಿ ಬರಬೇಕಾದ ಕಡೆ ಬೆಳ್ಳಿಯ ಹಾಗೆ ಮಿರುಗುವ ತೆಳು ಪೊರೆ ಬಂತು. ಚಿಟಿಕೆ ಗೊಬ್ಬರ ಹಾಕು ಅಂದರೆ ಚೀಲ ಸುರಿದ ಹಾಗೆ. ನಮ್ಮಲ್ಲಿ ಆಗಿದ್ದರೆ ಆ ಆಳಿಗೆ ಬೈಗುಳ ಬೀಳುತ್ತಿತ್ತು. ಶಿರಾಕಾವಾ ಎಸೆಯಲಿಲ್ಲ, ಎತ್ತಿಟ್ಟುಕೊಂಡರು. 1977ರಲ್ಲಿ ಅವರೂ ಅಮೆರಿಕದ ಹೀಗರ್ ಮತ್ತು ಮ್ಯಾಕ್‌ಡಯರ್ಮಿಡ್ ಅವರೂ ಸೇರಿ ಆ ಪೊರೆಗೆ ಅಯೋಡಿನ್ ಹಾಯಿಸಿದಾಗ ಪ್ಲಾಸ್ಟಿಕ್ಕು ಲೋಹದ ಹಾಗೆ ಕರೆಂಟು ಹರಿಸಿತು. ಮೂವರಿಗೂ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಸೋಲಾರಿಗೆ ಬಂದರೆ, ಬಿಸಿಲು ಈ ಪ್ಲಾಸ್ಟಿಕ್ಕಿನ ಮೇಲೆ ಬಿದ್ದಾಗ ಒಂದು ಎಲೆಕ್ಟ್ರಾನು ಎದ್ದು ನಿಲ್ಲುತ್ತದೆ, ಅದು ಬಿಟ್ಟ ಜಾಗ ಖಾಲಿ ಆಗುತ್ತದೆ. ಸಿಲಿಕಾನಿನ ಪ್ಯಾನೆಲ್ಲಿನಲ್ಲಿ ಇವೆರಡೂ ತಾವಾಗಿಯೇ ಬೇರೆಯಾಗಿ ಓಡುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಹಾಗಲ್ಲ, ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಒಟ್ಟಿಗೇ ಇರುತ್ತವೆ. ಆ ಜೋಡಿ ನಡೆಯುವ ದೂರವೂ ಬಹಳ ಕಡಿಮೆ, ಒಂದು ಮಿಲಿಮೀಟರಿನಲ್ಲಿ ಲಕ್ಷಕ್ಕೆ ಒಂದು ಪಾಲಿನಷ್ಟು. ಅಷ್ಟರೊಳಗೆ ಎಲೆಕ್ಟ್ರಾನನ್ನು ಎಳೆದುಕೊಳ್ಳುವ ಬೇರೊಂದು ವಸ್ತು ಸಿಕ್ಕಿದರೆ ನೊಗ ಬಿಚ್ಚುತ್ತದೆ, ಕರೆಂಟು ಹುಟ್ಟುತ್ತದೆ. ಸಿಗದಿದ್ದರೆ ಮತ್ತೆ ಕೂಡಿಕೊಂಡು ಬಿಸಿಲೆಲ್ಲ ಬರೀ ಶಾಖವಾಗಿ ಹೋಗುತ್ತದೆ.

ಇದನ್ನು ಕಾಲುವೆಯ ಲೆಕ್ಕದಲ್ಲಿ ಹೇಳಿದರೆ ನಿಮಗೆ ಬೇಗ ತಿಳಿಯುತ್ತದೆ. 1986ರಲ್ಲಿ ಕೊಡಾಕ್ ಕಂಪನಿಯ ಟ್ಯಾಂಗ್ ಅನ್ನುವವರು ಇಂಗಾಲದ ಎರಡು ಬಗೆಯ ವಸ್ತುವನ್ನು ಒಂದರ ಮೇಲೊಂದು ಪದರವಾಗಿ ಇಟ್ಟು ಕೋಶ ಮಾಡಿದರು. ಬಿಸಿಲಿನ ನೂರು ಪಾಲಿನಲ್ಲಿ ಒಂದು ಪಾಲು ಕರೆಂಟಾಯಿತು. ಯಾಕೆ ಅಷ್ಟು ಕಡಿಮೆ? ದೊಡ್ಡ ಹೊಲಕ್ಕೆ ಒಂದೇ ಬದಿಯಲ್ಲಿ ಕಾಲುವೆ ಇದ್ದ ಹಾಗೆ. ದಂಡೆಯ ಸಾಲಿಗೆ ಮಾತ್ರ ನೀರು, ಉಳಿದದ್ದೆಲ್ಲ ಟೇಲೆಂಡು! ಟೇಲೆಂಡಿನ ಸಂಕಟ ಈ ಸಭೆಗೆ ನಾವು ವಿವರಿಸಬೇಕಾಗಿಲ್ಲ. 1995ರಲ್ಲಿ ಹೀಗರ್ ಅವರ ತಂಡ ಒಂದು ಉಪಾಯ ಮಾಡಿತು. ಪದರ ಬೇಡ, ಎರಡನ್ನೂ ಕಲಸಿಬಿಡೋಣ ಅಂದರು. ಪಾಲಿಮರ್ ಒಂದು, ಅರವತ್ತು ಇಂಗಾಲದಿಂದ ಫುಟ್‌ಬಾಲಿನ ಆಕಾರದಲ್ಲಿರುವ ಫುಲ್ಲರೀನ್ ಇನ್ನೊಂದು, ಎರಡನ್ನೂ ಶಾಯಿಯ ಹಾಗೆ ಕರಗಿಸಿ ಒಟ್ಟಿಗೇ ಬಳಿದರು. ಒಣಗಿದಾಗ ಒಂದರೊಳಗೊಂದು ಹೆಣೆದುಕೊಂಡಿತು. ಅಂದರೆ ಹೊಲದ ತುಂಬ ಸಾಲುಗಾಲುವೆ ಬಿಟ್ಟಂತಾಯಿತು, ಎಲ್ಲಿ ಸಸಿ ನಿಂತರೂ ಮಾರು ದೂರದಲ್ಲಿ ನೀರು. ಆದರೆ ಸಾಲುಗಾಲುವೆ ಮಾಡಿದರೆ ಸಾಲದು, ಅದು ಹೊರಗಿನ ಬಸಿಗಾಲುವೆಗೆ ಕೂಡಿಕೊಳ್ಳಬೇಕು. ನಡುವೆ ಕಡಿದು ಹೋದರೆ ನೀರು ನಿಂತಲ್ಲೇ ಇಂಗುತ್ತದೆ. ಈ ಕಲಸುವಿಕೆಯ ಹದ ಹಿಡಿಯುವುದರಲ್ಲೇ ಮುಂದಿನ ಮೂವತ್ತು ವರ್ಷದ ಸಂಶೋಧನೆಯ ಬಹುಪಾಲು ಕಳೆದಿದೆ ಅಂದರೂ ನಡೆಯುತ್ತದೆ. 2015ರಿಂದ ಈಚೆಗೆ, ಮುಖ್ಯವಾಗಿ 2019ರಲ್ಲಿ ಚೀನಾದವರು ಫುಲ್ಲರೀನಿನ ಬದಲು ಬೇರೆ ಅಣುಗಳನ್ನು ಕಟ್ಟಿದ ಮೇಲೆ, ಪ್ರಯೋಗಾಲಯದ ಲೆಕ್ಕ ಶೇ. 20ರ ಸುತ್ತಮುತ್ತ ಬಂದು ನಿಂತಿದೆ.

ಈ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಕೆ.ಎಸ್. ನಾರಾಯಣ್ ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಇಂಥ ಪಾಲಿಮರ್‌ಗಳ ಮೇಲೆ ಬೆಳಕು ಬಿದ್ದಾಗ ಏನಾಗುತ್ತದೆ ಅನ್ನುವುದನ್ನೇ ಅಭ್ಯಾಸ ಮಾಡಿದ್ದಾರೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸತೀಶ್ ಪಾಟೀಲ್ ಅವರದು ಹೊಸ ಹೊಸ ಅರೆವಾಹಕ ಪಾಲಿಮರ್ ಕಟ್ಟುವ ಕೆಲಸ, ಪ್ರೊ. ಪ್ರವೀಣ್ ರಾಮಮೂರ್ತಿ ಅವರದು ಅದನ್ನು ತೇವ ಮುಟ್ಟದಂತೆ ಮುಚ್ಚುವ ಪೊರೆಯ ಕೆಲಸವೂ ಹೌದು. ಇಂಥವರು ಇದ್ದಾರೆ ಅಂತ ಗೊತ್ತಿದ್ದರೆ ನಮ್ಮ ಜನ ವಿಳಾಸವಿಲ್ಲದ ಏಜೆಂಟರ ಮಾತನ್ನೇ ವೇದ ಅಂದುಕೊಳ್ಳುತ್ತಿರಲಿಲ್ಲ.

ತೇವದ ಮಾತು ಬಂತು. ಎಲ್ಲ ತೊಡಕು ಇರುವುದು ಅಲ್ಲೇ. ಸಿಲಿಕಾನನ್ನು 1,400 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಬೇಕು, ಈ ಪ್ಲಾಸ್ಟಿಕ್ ಶಾಯಿಯನ್ನು ಲಗ್ನಪತ್ರಿಕೆ ಅಚ್ಚು ಹಾಕಿದ ಹಾಗೆ ಉರುಳೆಯ ಮೇಲೆ ಓಡಿಸಬಹುದು. ಕೆಲಸ ಮಾಡುವ ಪದರದ ದಪ್ಪ ನಮ್ಮ ತಲೆಕೂದಲಿನ ಸಾವಿರದಲ್ಲಿ ಒಂದು ಪಾಲು. ಅಗ್ಗಕ್ಕೆ ಕಾರಣವೂ ಅದೇ, ಸೂಕ್ಷ್ಮಕ್ಕೆ ಕಾರಣವೂ ಅದೇ. ಗಾಳಿಯ ಆಮ್ಲಜನಕ, ಮಳೆಗಾಲದ ತೇವ, ಬಿಸಿಲಿನಲ್ಲೇ ಇರುವ ನೇರಳಾತೀತ ಕಿರಣ, ಮೂರೂ ಸೇರಿ ಆ ಜೋಡಿಕೊಂಡಿಗಳನ್ನು ಕಡಿಯುತ್ತವೆ. ನೀಲಿ ಟಾರ್ಪಾಲು ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಪುಡಿಪುಡಿ ಆಗುವುದನ್ನು ಎಲ್ಲರೂ ಕಂಡಿದ್ದೀರಿ. ಇದನ್ನು ಮುಚ್ಚಿ ಕಾಯುವ ಪೊರೆಯಲ್ಲಿ ಸೂಜಿ ಮೊನೆಯಷ್ಟು ತೂತಾದರೂ ಕೆಲಸ ಕೆಟ್ಟಿತು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಒಂದು ಸರಪಳಿ ಕಡಿದರೆ ಏನಾಗುತ್ತದೆ ಅಂತ ಇಡೀ ನಾಡು ನೋಡಿತು.

ಕಂಪನಿಗಳ ಕಥೆಯನ್ನೂ ಹೇಳಿಬಿಡುತ್ತೇವೆ. 2001ರಲ್ಲಿ ಅಮೆರಿಕದಲ್ಲಿ ಕೊನಾರ್ಕಾ ಅನ್ನುವ ಕಂಪನಿ ಹುಟ್ಟಿತು. ಭಾರತ ಮೂಲದ ವಿಜ್ಞಾನಿ ಸುಕಾಂತ ತ್ರಿಪಾಠಿ ಅವರ ಸಂಶೋಧನೆಯಿಂದ ಬಂದದ್ದು, ಒಡಿಶಾದ ಕೋನಾರ್ಕದ ಸೂರ್ಯ ದೇವಾಲಯದ ಹೆಸರನ್ನೇ ಇಟ್ಟಿದ್ದರು. ನಮ್ಮ ಹಂಪಿಯ ವಿಜಯವಿಠ್ಠಲನ ಕಲ್ಲಿನ ರಥಕ್ಕೂ ಆ ಕೋನಾರ್ಕದ ರಥವೇ ಪ್ರೇರಣೆ ಅಂತ ಹೇಳುತ್ತಾರಲ್ಲ, ಹಾಗಾಗಿ ನಮಗೂ ದೂರದ ನೆಂಟಸ್ತಿಕೆ ಇದ್ದ ಹಾಗೆ ಆಯಿತು. ನೊಬೆಲ್ ಪಡೆದ ಹೀಗರ್ ಅವರೇ ಸ್ಥಾಪಕರಲ್ಲಿ ಒಬ್ಬರು. ಪ್ಲಾಸ್ಟಿಕ್ ಸೋಲಾರನ್ನು ಮೈಲುಗಟ್ಟಲೆ ಅಚ್ಚು ಹಾಕುತ್ತೇವೆ ಅಂತ ಕೋಟ್ಯಂತರ ಡಾಲರ್ ಕೂಡಿಸಿದರು. 2012ರಲ್ಲಿ ಕಂಪನಿ ದಿವಾಳಿ. ಅದೇ ಹೊತ್ತಿಗೆ ಸಿಲಿಕಾನ್ ಪ್ಯಾನೆಲ್ಲಿನ ಬೆಲೆ ಇಳಿಯುತ್ತ ಹೋಗಿತ್ತು, ಗಿರಾಕಿಗೆ ಅಗ್ಗವಾದ ಗಟ್ಟಿ ವಸ್ತು ಸಿಗುವಾಗ ಹೊಸದನ್ನು ಯಾರು ಕೇಳುತ್ತಾರೆ? ನೊಬೆಲ್ ಪಡೆದವರ ಕಂಪನಿಯೇ ನಿಲ್ಲಲಿಲ್ಲ, ನಮ್ಮ ಸದಸ್ಯರು ಷೇರು ಹಣದ ಮೇಲೆ ಸಾಲ ಎತ್ತಿ ಮುಂಗಡ ಕಟ್ಟುವುದು ಯಾವ ಧೈರ್ಯದ ಮೇಲೆ? ಹಾಗಂತ ಆ ವಸ್ತು ಸತ್ತಿಲ್ಲ. 2015ರಲ್ಲಿ ಇಟಲಿಯ ಮಿಲಾನಿನ ಜಾಗತಿಕ ಮೇಳದಲ್ಲಿ ಜರ್ಮನಿಯವರ ಮಂಟಪದಲ್ಲಿ ಇದೇ ಬಗೆಯ ಹಾಳೆಗಳಿಂದ ಮರದಂಥ ನೆರಳು ಮಾಡಿದ್ದರು.

ಲೆಕ್ಕಕ್ಕೆ ಬರೋಣ. ನೆತ್ತಿಯ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಬೀಳುತ್ತದೆ. 5 ಎಚ್‌ಪಿ ಮೋಟರಿಗೆ ಸುಮಾರು 3,700 ವಾಟ್ ಬೇಕು. ಶೇ. 20ರ ಸಿಲಿಕಾನ್ ಪ್ಯಾನೆಲ್ಲಾದರೆ 19 ಚದರ ಮೀಟರು, ಶೇ. 8ರ ಹಾಳೆಯಾದರೆ 46 ಚದರ ಮೀಟರು. ನಷ್ಟ, ಮೋಡ ಎಲ್ಲ ಸೇರಿಸಿ ಎರಡಕ್ಕೂ ಹೆಚ್ಚೇ ಬೇಕಾಗುತ್ತದೆ. ಪ್ರಯೋಗಾಲಯದ 20 ಬಂದಿರುವುದು ಹೆಬ್ಬೆರಳ ಉಗುರಿಗಿಂತ ಸಣ್ಣ ತುಣುಕಿನಲ್ಲಿ. ದೊಡ್ಡ ಹಾಳೆಯಾಗಿ ಅಂಗಡಿಗೆ ಬಂದವು ಅದರ ಅರ್ಧದ ಆಸುಪಾಸು, ಇಲ್ಲವೇ ಇನ್ನೂ ಕಡಿಮೆ. ಸಂಡೂರಿನ ಅದಿರು ಲಾರಿ ಓಡಾಡುವ ದಾರಿಯಲ್ಲಿ ತೋಟ ಇರುವವರು ಕೆಂಪು ಧೂಳಿನ ಲೆಕ್ಕವನ್ನೂ ಹಿಡಿಯಬೇಕು. ಗಾಜನ್ನು ತೊಳೆದು ಒರೆಸಬಹುದು, ಪ್ಲಾಸ್ಟಿಕ್ ಹಾಳೆಯ ಮೇಲೆ ಅದಿರಿನ ಧೂಳು ಇಟ್ಟು ಉಜ್ಜಿದರೆ ಗೀರು ಬೀಳುತ್ತದೆ.

ಆದರೂ ಈ ವಸ್ತುವಿನ ಮೇಲೆ ನಮಗೆ ಆಸೆ ಇರುವುದು ಮೋಟರಿಗಾಗಿ ಅಲ್ಲ, ಸಸಿಮಡಿಗಾಗಿ. ಗಿಡಕ್ಕೆ ಎಲ್ಲ ಬಣ್ಣದ ಬೆಳಕೂ ಒಂದೇ ಸಮ ಬೇಡ. ಕೆಂಪು, ನೀಲಿ ಹೆಚ್ಚು ಬೇಕು, ಕಣ್ಣಿಗೆ ಕಾಣದ ಶಾಖದ ಕಿರಣ ಬೇಡ. ಯಾವ ಬಣ್ಣ ಹೀರಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಪಾಲಿಮರ್ ಕಟ್ಟುವಾಗಲೇ ತಿದ್ದಬಹುದು. ಸಿಲಿಕಾನಿಗೆ ಆ ಗುಣ ಇಲ್ಲ. 2023ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ಸಿನ ವಿಶ್ವವಿದ್ಯಾಲಯದವರು ಅರೆಪಾರದರ್ಶಕ ಆರ್ಗ್ಯಾನಿಕ್ ಕೋಶಗಳನ್ನು ಸಣ್ಣ ಹಸಿರುಮನೆಯ ಮಾಡಿಗೆ ಹಾಕಿ ಒಳಗೆ ಗೋಧಿ, ಬ್ರೊಕೋಲಿ ಮತ್ತು ಹೆಸರುಕಾಳು ಬೆಳೆಸಿದರು. ಹೌದ್ರಿ, ನಮ್ಮ ಹೆಸರುಕಾಳೇ. ಬರೀ ಗಾಜಿನ ಮಾಡಿನ ಕೆಳಗಿಗಿಂತ ಚೆನ್ನಾಗಿ ಬಂದವು ಅಂತ ವರದಿ. ಕೋಶ ಬಾಳಲಿ ಅಂತ ಅದರ ಮೇಲೆ ಒಂದು ರಕ್ಷಣೆಯ ಪದರವನ್ನೂ ಹಾಕಿದ್ದರು. 1,000 ತಾಸಿನ ಮೇಲೆ ಅದರ ಶಕ್ತಿ ನೂರಕ್ಕೆ 80ಕ್ಕಿಂತ ಹೆಚ್ಚು ಉಳಿದಿತ್ತು, ಪದರ ಇಲ್ಲದ್ದು 20ಕ್ಕಿಂತ ಕೆಳಗೆ ಇಳಿದಿತ್ತು. ಇದನ್ನು ಓದಿ ಹುಡುಗರು ಕುಣಿದರು. ನಾವು ಪೆನ್ನು ತೆಗೆದೆವು. ನಮ್ಮಲ್ಲಿ ದಿನಕ್ಕೆ ಆರು ತಾಸು ಒಳ್ಳೆ ಬಿಸಿಲು ಹಿಡಿದರೆ 1,000 ತಾಸು ಅಂದರೆ 167 ದಿನ, ಐದೂವರೆ ತಿಂಗಳು. ಒಂದು ಭತ್ತದ ಬೆಳೆ ಮುಗಿಯುತ್ತದೆ, ಅಷ್ಟೆ. 25 ವರ್ಷದ ಗ್ಯಾರಂಟಿ ಎಲ್ಲಿಂದ ಬಂತು? ಆ ಏಜೆಂಟರು ಸಿಲಿಕಾನ್ ಪ್ಯಾನೆಲ್ಲಿನ ಗ್ಯಾರಂಟಿಯನ್ನು ಇದಕ್ಕೆ ಅಂಟಿಸಿದ್ದರು.

ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ ಅಂತ ವಿಜಯನಗರದ ಅರಸರು ಕಟ್ಟಿದ್ದರಲ್ಲಿ ಐನೂರು ವರ್ಷದ ಮೇಲೂ ನೀರು ಹರಿಸಿಕೊಂಡು ಉಣ್ಣುವ ಜನ ನಾವು. ಬಾಳಿಕೆ ಅಂದರೆ ಏನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಾಗಾಗಿ ಮಂಡಳಿ ಮಾಡಿದ ತೀರ್ಮಾನ ಹೇಳುತ್ತೇವೆ, ಸರ್ವಸದಸ್ಯರ ಸಭೆಯಲ್ಲಿ ನೀವು ತಿದ್ದಬಹುದು. ಆ ಹಾಳೆಯ ಮುಂಗಡಕ್ಕೆ ಸಂಘದಿಂದ ಸಾಲ ಇಲ್ಲ. ಹೊರಗಡೆ ಬಡ್ಡಿಗೆ ತಂದು ಕಟ್ಟುವವರನ್ನು ತಡೆಯುವ ಅಧಿಕಾರ ನಮಗಿಲ್ಲ, ಆದರೆ ಕಟ್ಟುವ ಮೊದಲು ಒಂದು ಮಾತು ಕೇಳ್ರಿ: ನಮ್ಮ ಕಡೆಯ ಬಿಸಿಲಿನಲ್ಲಿ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದ ಹಾಳೆ ಎಲ್ಲಿದೆ, ಅದು ಮೊದಲು ಎಷ್ಟು ವಾಟ್ ಕೊಡುತ್ತಿತ್ತು, ಈಗ ಎಷ್ಟು? ಬರವಣಿಗೆಯಲ್ಲಿ ಕೊಟ್ಟರೆ ಸಂಘಕ್ಕೂ ತಂದು ತೋರಿಸಿ.

ಮೋಟರಿಗೆ ಸಿಲಿಕಾನ್ ಪ್ಯಾನೆಲ್ಲೇ ಸಾಕು, 2019ರಲ್ಲಿ ಶುರುವಾದ ಕುಸುಮ್ ಯೋಜನೆಯಂಥ ಸಹಾಯಧನ ಬಂದಿದ್ದೂ ಅದಕ್ಕೇ. ಯಾವ ಅರ್ಜಿ ತೆರೆದಿದೆ, ರೈತರ ಪಾಲು ಎಷ್ಟು ಅನ್ನುವುದನ್ನು ಕಾರ್ಯದರ್ಶಿಗಳು ಜೆಸ್ಕಾಂ ಕಛೇರಿಯಲ್ಲಿ ವಿಚಾರಿಸಿ ಫಲಕಕ್ಕೆ ಬರೆಯುತ್ತಾರೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ 2016ರಲ್ಲಿ ಆರು ಜನ ರೈತರು ಸೇರಿ ಸೋಲಾರ್ ಪಂಪಿನದೇ ಒಂದು ಸಹಕಾರ ಸಂಘ ಮಾಡಿ, ತಮ್ಮ ಬೆಳೆಗೆ ಬಳಸಿ ಉಳಿದ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರಿದರು. ಆರೇ ಜನ! 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶಕ್ಕೇ ಮೊದಲಾಗಿ ಕೃಷಿ ಪತ್ತಿನ ಸಂಘ ಕಟ್ಟಿದ ನಾಡು ನಮ್ಮದು, ಕಾಲುವೆಯ ಕೊನೆ ಭಾಗದ ಹತ್ತು ಜನ ಒಂದಾಗಿ ಬಂದರೆ ಬೈಲಾ ಓದಿ ದಾರಿ ಹುಡುಕಲು ಮಂಡಳಿ ತಯಾರಿದೆ.

ಇನ್ನು ಗೋದಾಮಿನ ತಗಡು, ಸಸಿಮಡಿ. ಇಲ್ಲಿ ಈ ಪ್ಲಾಸ್ಟಿಕ್ಕಿಗೆ ಜಾಗ ಇದೆ ಅಂತಲೇ ನಮ್ಮ ಭಾವನೆ. ಅದಕ್ಕೆ ಬೆಂಗಳೂರಿನ ಆ ಎರಡೂ ಸಂಸ್ಥೆಗಳಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಯಲು ಠರಾವು ಆಗಿದೆ. ದುಡ್ಡು ಕೇಳುವುದಿಲ್ಲ, ಮಾರಿ ಅಂತಲೂ ಕೇಳುವುದಿಲ್ಲ. ನಿಮ್ಮ ಬಳಿ ಪರೀಕ್ಷೆಗೆ ಹಾಳೆ ಇದ್ದರೆ ನಮ್ಮಲ್ಲಿ ನಲವತ್ತು ಡಿಗ್ರಿ ದಾಟುವ ಬೇಸಿಗೆ ಇದೆ, ಅದಿರಿನ ಧೂಳು ಇದೆ, ಕಾಲುವೆ ಬದಿಯ ತೇವ ಇದೆ, ನೋಡಿಕೊಳ್ಳಲು ಜನ ಇದ್ದಾರೆ, ದಿನಾ ಓದಿ ಬರೆದಿಡಲು ಹೈಸ್ಕೂಲಿನ ಮಕ್ಕಳಿದ್ದಾರೆ ಅಂತ ಬರೆಯುತ್ತೇವೆ. ಪತ್ರದ ಕರಡು ಕಛೇರಿಯ ಮೇಜಿನ ಮೇಲಿದೆ, ಊಟ ಮುಗಿಸಿ ಹೋಗುವಾಗ ಓದಿ ಸಹಿ ಹಾಕಿ. ಮುಂದುಗಡೆ ಕೂತಿರುವ ಮಕ್ಕಳಲ್ಲಿ ದಿನಾ ಸಂಜೆ ಮೀಟರು ಓದಲು ಯಾರು ಬರುತ್ತೀರಿ, ಈಗಲೇ ಕೈ ಎತ್ತಿ ಹೆಸರು ಕೊಡಿ.